ಯಾಂಕೀ ಸ್ಟೇಡಿಯಂ, ಸಿಟಿ ಫೀಲ್ಡ್: ತಂಡದ ಚರಿತ್ರೆಯನ್ನು ಎಲ್ಲಿಟ್ಟರು, ಹೇಗಿಟ್ಟರು

2009ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರದಲ್ಲಿ ಎರಡು ಬೇಸ್‌ಬಾಲ್ ಕ್ರೀಡಾಂಗಣಗಳು ಬಾಗಿಲು ತೆರೆದವು. ಬ್ರಾಂಕ್ಸ್‌ನಲ್ಲಿ ಯಾಂಕೀಸ್ ತಂಡದ ಹೊಸ ಯಾಂಕೀ ಸ್ಟೇಡಿಯಂ, ಕ್ವೀನ್ಸ್‌ನಲ್ಲಿ ಮೆಟ್ಸ್ ತಂಡದ ಸಿಟಿ ಫೀಲ್ಡ್. ಎರಡರ ವಿನ್ಯಾಸವೂ ಈಗ ಪಾಪ್ಯುಲಸ್ ಎಂದು ಕರೆಸಿಕೊಳ್ಳುವ ಒಂದೇ ಸಂಸ್ಥೆಯದು. ಎರಡೂ ಎದ್ದದ್ದು ತಮ್ಮ ಹಳೆಯ ಕ್ರೀಡಾಂಗಣಗಳ ಪಕ್ಕದಲ್ಲೇ. ಹಳೆಯವನ್ನು ಕೆಡವಿದರು. ಹಾಗಾಗಿ ಇಬ್ಬರೂ ಉತ್ತರಿಸಬೇಕಿದ್ದ ಪ್ರಶ್ನೆಯೂ ಒಂದೇ: ಕೆಡವಿದ ಕಟ್ಟಡದಲ್ಲಿ ನಡೆದದ್ದನ್ನೆಲ್ಲ ಹೊಸ ಕಟ್ಟಡದಲ್ಲಿ ಎಲ್ಲಿ ಇಡಬೇಕು, ಯಾರಿಗೆ ಕಾಣುವಂತೆ ಇಡಬೇಕು?

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಆ ಉತ್ತರಗಳನ್ನು ಮಾತ್ರ. ಆಸನ, ಊಟ, ಟಿಕೆಟ್ ದರ ಈ ಲೆಕ್ಕದಲ್ಲಿಲ್ಲ. ತೀರ್ಪನ್ನು ಮೊದಲೇ ಹೇಳಿಬಿಡೋಣ. ಯಾಂಕೀಸ್ ಬಳಿ ಇರುವ ಸರಕು ದೊಡ್ಡದು, ಆದರೆ ಅದರ ಮುಖ್ಯ ಭಾಗವನ್ನು ಜನ ಕಾಣದ ಮೂಲೆಗೆ ಸೇರಿಸಿದ್ದಾರೆ. ಮೆಟ್ಸ್ ಬಳಿ ಸರಕು ಕಡಿಮೆ, ಶುರುವಿನಲ್ಲಿ ತಪ್ಪು ಆಯ್ಕೆಯನ್ನೂ ಮಾಡಿದರು. ಆದರೆ ಜಾಗದ ಆಯ್ಕೆಯಲ್ಲಿ ಮುಂದಿದ್ದಾರೆ, ತಪ್ಪನ್ನು ತಿದ್ದುತ್ತಲೂ ಬಂದಿದ್ದಾರೆ. ಕ್ರೀಡಾಂಗಣದೊಳಗಿನ ಪ್ರದರ್ಶನದಲ್ಲಿ ವಸ್ತುವಿಗಿಂತ ಜಾಗವೇ ಹೆಚ್ಚು ಕೆಲಸ ಮಾಡುತ್ತದೆ. ಇಲ್ಲಿಗೆ ಬರುವವರು ಮ್ಯೂಸಿಯಂ ನೋಡಲು ಬಂದವರಲ್ಲ, ಆಟ ನೋಡಲು ಬಂದವರು. ಅವರ ಕಾಲು ಎಲ್ಲಿ ತಾನಾಗಿ ನಿಧಾನವಾಗುತ್ತದೋ ಅಲ್ಲಿಗೆ ಚರಿತ್ರೆಯನ್ನು ಒಯ್ಯಬೇಕು.

ಮೊದಲು ಯಾಂಕೀ ಸ್ಟೇಡಿಯಂನ ಮಾನ್ಯುಮೆಂಟ್ ಪಾರ್ಕ್. 1923ರಲ್ಲಿ ತೆರೆದ ಹಳೆಯ ಕ್ರೀಡಾಂಗಣದಲ್ಲಿ ಸ್ಮಾರಕಗಳು ನಿಂತಿದ್ದದ್ದು ಆಟದ ಮೈದಾನದೊಳಗೇ. ಬ್ಯಾಟರ್‌ಗೆ ನೇರ ಎದುರಿನ ದೂರದ ಭಾಗವಾದ ಸೆಂಟರ್ ಫೀಲ್ಡ್‌ನ ಆಳದಲ್ಲಿ, ಧ್ವಜಸ್ತಂಭದ ಬಳಿ, 1932ರಲ್ಲಿ ಮ್ಯಾನೇಜರ್ ಮಿಲ್ಲರ್ ಹಗಿನ್ಸ್ ಸ್ಮಾರಕ ಬಂತು. ತಾರಾ ಆಟಗಾರರಲ್ಲಿ 1941ರಲ್ಲಿ ಲೂ ಗೆಹ್ರಿಗ್, 1949ರಲ್ಲಿ ಬೇಬ್ ರೂತ್. ಚೆಂಡು ಅಷ್ಟು ದೂರ ಹೋದರೆ ಫೀಲ್ಡರ್ ಸ್ಮಾರಕಗಳ ಹಿಂದಿನಿಂದ ಅದನ್ನು ಹೆಕ್ಕಿ ತರಬೇಕಾಗುತ್ತಿತ್ತು. ಅವು ಸಮಾಧಿಗಳೆಂದೇ ನಂಬಿದ್ದ ಮಕ್ಕಳೂ ಇದ್ದರಂತೆ. 1970ರ ದಶಕದ ನವೀಕರಣದಲ್ಲಿ ಬೇಲಿಯನ್ನು ಮುಂದಕ್ಕೆ ತಂದಾಗ ಅವು ಬೇಲಿಯ ಹಿಂದಕ್ಕೆ ಸರಿದವು, ಆಮೇಲೆ ಪ್ರೇಕ್ಷಕರು ಹೋಗಿ ನೋಡುವ ಉದ್ಯಾನವಾಯಿತು. 1996ರಲ್ಲಿ ಮಿಕಿ ಮ್ಯಾಂಟಲ್, 1999ರಲ್ಲಿ ಜೋ ಡಿಮ್ಯಾಜಿಯೊ ಸೇರಿಕೊಂಡರು. ವ್ಯಕ್ತಿ ಬದುಕಿರುವಾಗ ಗೋಡೆಗೆ ಫಲಕ ಮಾತ್ರ, ಸ್ಮಾರಕವೇನಿದ್ದರೂ ತೀರಿಹೋದ ಮೇಲೆ. ಈ ರೂಢಿ ಇಲ್ಲಿ ಮುರಿದಿಲ್ಲ. ಆ ಶಿಸ್ತಿನಿಂದಲೇ ಈ ಕಲ್ಲುಗಳಿಗೆ ತೂಕ ಬಂದಿದೆ.

ಹೊಸ ಕ್ರೀಡಾಂಗಣದಲ್ಲೂ ಪಾರ್ಕ್ ಸೆಂಟರ್ ಫೀಲ್ಡ್ ಬೇಲಿಯ ಹಿಂದೆಯೇ ಇದೆ, ನಕ್ಷೆಯ ಮೇಲೆ ನೋಡಿದರೆ ಸರಿಯಾದ ಜಾಗ. ಆದರೆ ಅದರ ಮೇಲ್ಗಡೆ ರೆಸ್ಟೋರೆಂಟ್ ಚಾಚಿಕೊಂಡಿದೆ, ಮುಂದುಗಡೆ ಬೇಲಿ ಎತ್ತರವಾಗಿದೆ. ಹೀಗಾಗಿ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ ಕೂತವರಿಗೆ ರೂತ್, ಗೆಹ್ರಿಗ್ ಇಬ್ಬರೂ ಕಾಣುವುದಿಲ್ಲ. ಮೈದಾನದೊಳಗೆ ನಿಂತು ಆಟಕ್ಕೇ ಸಾಕ್ಷಿಯಾಗಿದ್ದ ಸ್ಮಾರಕಗಳು ಈಗ ಒಂದು ತಗ್ಗಿನ ಓಣಿಯಲ್ಲಿವೆ. ಈ ಬಗ್ಗೆ ಅಭಿಮಾನಿಗಳು ಮೊದಲ ವರ್ಷದಿಂದಲೇ ಗೊಣಗುತ್ತಿದ್ದಾರೆ, ಅವರ ಗೊಣಗಾಟ ನ್ಯಾಯವಾದದ್ದು.

ಎರಡನೆಯ ತೊಡಕು ಸಮಯ. ಮೊದಲ ಎಸೆತಕ್ಕೆ 45 ನಿಮಿಷ ಇರುವಾಗ ಪಾರ್ಕ್ ಮುಚ್ಚುತ್ತದೆ, ಸಾಲು ಉದ್ದವಾದರೆ ಇನ್ನೂ ಬೇಗ ಸಾಲನ್ನು ಕಡಿದುಬಿಡುತ್ತಾರೆ. ಫಲಕಗಳು ಮೂವತ್ತಕ್ಕೂ ಹೆಚ್ಚು. ಒಂದು ಫಲಕದಲ್ಲಿ ಎಪ್ಪತ್ತು ಪದ ಎಂದಿಟ್ಟುಕೊಂಡರೂ ಓದಲು ಇಪ್ಪತ್ತು ಸೆಕೆಂಡು ಬೇಕು. ಮೂವತ್ತು ಫಲಕಕ್ಕೆ ಹತ್ತು ನಿಮಿಷ, ಅದೂ ಫೋಟೊ ತೆಗೆಯಲು ನಿಲ್ಲದಿದ್ದರೆ. ಕಿರಿದಾದ ಹಾದಿಯಲ್ಲಿ ಒಬ್ಬರು ನಿಂತು ಓದಿದರೆ ಹಿಂದಿನ ಇಪ್ಪತ್ತು ಜನ ನಿಲ್ಲಬೇಕು. ಇಂಥ ಕಡೆ ಪರಿಹಾರ ಪದ ಕಡಿಮೆ ಮಾಡುವುದರಲ್ಲಿ ಇಲ್ಲ, ಹಾದಿಯನ್ನು ಎರಡು ಮಾಡುವುದರಲ್ಲಿದೆ. ಗೋಡೆಗೆ ಅಂಟಿಕೊಂಡಂತೆ ನಿಂತು ಓದುವವರಿಗೆ ಒಂದೂಕಾಲು ಮೀಟರ್, ಅದರ ಹೊರಗೆ ನಡೆದು ಹೋಗುವವರಿಗೆ ಒಂದೂವರೆ ಮೀಟರ್ ಬಿಟ್ಟರೆ ಗಾಲಿಕುರ್ಚಿಯೂ ಸರಾಗವಾಗಿ ತಿರುಗುತ್ತದೆ.

ಮೂರನೆಯದು ಅಳತೆ. 2010ರ ಜುಲೈನಲ್ಲಿ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಅವರ ಕಂಚಿನ ಸ್ಮಾರಕ ಬಂತು: ಏಳು ಅಡಿ ಅಗಲ, ಐದು ಅಡಿ ಎತ್ತರ, 760 ಪೌಂಡ್ ತೂಕ. ಪಕ್ಕದ ರೂತ್, ಗೆಹ್ರಿಗ್ ಸ್ಮಾರಕಗಳು ಅದರ ಮುಂದೆ ಚಿಕ್ಕವಾಗಿ ಕಾಣುತ್ತವೆ. ಸ್ಟೈನ್‌ಬ್ರೆನ್ನರ್ ಕೊಡುಗೆಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಗೋಡೆಯಲ್ಲಿ ಅಳತೆಯೇ ಸ್ಥಾನಮಾನವನ್ನು ಹೇಳುತ್ತದೆ. ಬರೆದ ಮಾತುಗಳನ್ನು ಓದುವ ಮುಂಚೆಯೇ ಕಣ್ಣು ಅಳತೆಯನ್ನು ಓದಿಬಿಡುತ್ತದೆ. ಗರಿಷ್ಠ ಅಳತೆಯನ್ನು ಮೊದಲ ಸ್ಮಾರಕ ಎರಕ ಹೊಯ್ಯುವ ದಿನವೇ ಬರೆದಿಟ್ಟು, ಆಮೇಲೆ ಬರುವ ಯಾವ ಆಡಳಿತವೂ ಅದನ್ನು ದಾಟದಂತೆ ಮಾಡಬೇಕು. ಇಲ್ಲಿ ಹಾಗೆ ಆಗಲಿಲ್ಲ.

ಕಂಚಿನ ಫಲಕದ ಬಗ್ಗೆ ಇನ್ನೊಂದು ಮಾತು. ಉಬ್ಬು ಅಕ್ಷರಗಳನ್ನು ಓದಿಸುವುದು ನೆರಳು. ಬೆಳಕು ನೇರ ಎದುರಿನಿಂದ ಬಿದ್ದರೆ ಅಕ್ಷರದ ಅಂಚು ಅಳಿಸಿದಂತಾಗುತ್ತದೆ. ಮೇಲಿನಿಂದ ಗೋಡೆಗೆ ಸುಮಾರು 30 ಡಿಗ್ರಿ ಕೋನದಲ್ಲಿ ಸವರಿಕೊಂಡು ಬಂದರೆ ಮೂಗು, ಟೋಪಿಯ ಅಂಚು, ಅಕ್ಷರ ಎಲ್ಲವೂ ಎದ್ದು ನಿಲ್ಲುತ್ತವೆ. ಚಾವಣಿಯ ಕೆಳಗಿನ ಮಂದ ಬೆಳಕಿನಲ್ಲಿ ಫಲಕ ಹಾಕಿದರೆ ಹಗಲಲ್ಲೂ ದೀಪ ಬೇಕೇ ಬೇಕು. ನಿರ್ವಹಣೆಗೆ ವರ್ಷಕ್ಕೊಮ್ಮೆ ತಟಸ್ಥ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಲೇಪ ಹಚ್ಚಿ ಉಜ್ಜಬೇಕು. ನ್ಯೂಯಾರ್ಕಿನ ಚಳಿಗಾಲದಲ್ಲಿ ಹಿಮ ಕರಗಿಸಲು ಎರಚುವ ಉಪ್ಪು ಕಂಚಿಗೆ ಶತ್ರು. ಕ್ಲೋರೈಡ್ ಸೇರಿದರೆ ಹಸಿರು ಪುಡಿಯಾಗಿ ಒಳಗಿನಿಂದ ತಿನ್ನುತ್ತದೆ, ಮೇಲೆ ಮೇಣ ಹಚ್ಚಿದರೂ ನಿಲ್ಲುವುದಿಲ್ಲ. ಫಲಕವನ್ನು ಕೂರಿಸುವ ಬೋಲ್ಟ್ ಸಾದಾ ಉಕ್ಕಿನದಾದರೆ ಎರಡು ಲೋಹಗಳ ನಡುವೆ ತೇವ ಕೂತು ಉಕ್ಕು ಬೇಗ ತುಕ್ಕು ಹಿಡಿದು, ಕೆಂಪು ಕಲೆ ಕಲ್ಲಿನ ಮೇಲೆ ಇಳಿಯುತ್ತದೆ. ಕಂಚಿನದೇ ಬೋಲ್ಟ್ ಹಾಕಬೇಕು, ಇಲ್ಲವೇ ಸ್ಟೇನ್‌ಲೆಸ್ ಹಾಕಿ ನಡುವೆ ನೈಲಾನ್ ವಾಷರ್ ಕೊಡಬೇಕು.

ಮಾನ್ಯುಮೆಂಟ್ ಪಾರ್ಕ್‌ನಲ್ಲಿ ತುಂಬ ಚೆನ್ನಾಗಿ ಕೆಲಸ ಮಾಡುವುದು ನಿವೃತ್ತ ಸಂಖ್ಯೆಗಳ ಸಾಲು. ಒಬ್ಬ ಆಟಗಾರನ ಗೌರವಕ್ಕಾಗಿ ಅವನ ಜೆರ್ಸಿ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದಿರುವ ಪದ್ಧತಿ ಅಮೆರಿಕದ ಉನ್ನತ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಶುರುವಾದದ್ದೇ 1939ರಲ್ಲಿ ಗೆಹ್ರಿಗ್‌ನ 4ರಿಂದ. 2023ರಲ್ಲಿ ಆರ್‌ಸಿಬಿ ಎಬಿ ಡಿವಿಲಿಯರ್ಸ್‌ನ 17 ಮತ್ತು ಕ್ರಿಸ್ ಗೇಲ್‌ನ 333 ಸಂಖ್ಯೆಗಳನ್ನು ನಿವೃತ್ತಿಗೊಳಿಸಿದ್ದು ಇದೇ ಪದ್ಧತಿಯ ಪ್ರಕಾರ. 2017ರಲ್ಲಿ ಡೆರೆಕ್ ಜೀಟರ್‌ನ 2 ಸೇರಿದ ಮೇಲೆ ಯಾಂಕೀಸ್‌ನಲ್ಲಿ 1ರಿಂದ 10ರವರೆಗೆ ಒಂದೂ ಉಳಿದಿಲ್ಲ. ಸಂಖ್ಯೆ ಓದಲು ಇಂಗ್ಲಿಷ್ ಬೇಡ, ಚರಿತ್ರೆ ಗೊತ್ತಿರಬೇಕಾಗಿಲ್ಲ. ಆರು ವರ್ಷದ ಮಗು ಸಾಲಿನ ಮುಂದೆ ನಿಂತು "7 ಯಾರದು?" ಎಂದು ಕೇಳುತ್ತದೆ, ಅಜ್ಜ ಮ್ಯಾಂಟಲ್ ಬಗ್ಗೆ ಹೇಳಲು ಶುರುಮಾಡುತ್ತಾನೆ. ಯಾವ ಟಚ್‌ಸ್ಕ್ರೀನೂ ಮಾಡದ ಕೆಲಸ ಅದು.

ಇನ್ನು ಗೇಟ್ 6ರ ಬಳಿಯ ಯಾಂಕೀಸ್ ಮ್ಯೂಸಿಯಂ. ಟಿಕೆಟ್ ಇದ್ದವರಿಗೆ ಪ್ರವೇಶ ಉಚಿತ. ಗೇಟ್ ತೆರೆದಾಗಿನಿಂದ ಒಂಬತ್ತರಲ್ಲಿ ಎಂಟನೆಯ ಇನಿಂಗ್ಸ್ ಮುಗಿಯುವವರೆಗೆ ತೆರೆದಿರುತ್ತದೆ. ಎರಡೂ ಕ್ರೀಡಾಂಗಣಗಳನ್ನು ಸೇರಿಸಿ ನೋಡಿದರೂ ಅತ್ಯುತ್ತಮ ಪ್ರದರ್ಶನ ಇರುವುದು ಈ ಕೋಣೆಯಲ್ಲಿ. ಒಂದು ತುದಿಯಲ್ಲಿ ಚೆಂಡೆಸೆಯುತ್ತಿರುವ ಡಾನ್ ಲಾರ್ಸನ್ ಪ್ರತಿಮೆ. ಇನ್ನೊಂದು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿಯಲು ಸಿದ್ಧನಾದ ಯೋಗಿ ಬೆರಾ. ಇಬ್ಬರ ನಡುವಿನ ಅಂತರ 60 ಅಡಿ 6 ಅಂಗುಲ, ಮೈದಾನದಲ್ಲಿ ಚೆಂಡೆಸೆಯುವ ಪಿಚರ್‌ಗೂ ಹೋಮ್ ಪ್ಲೇಟ್‌ಗೂ ಇರುವ ಅಂತರವೇ. 1956ರ ಅಕ್ಟೋಬರ್ 8ರಂದು ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಐದನೆಯ ಪಂದ್ಯದಲ್ಲಿ ಲಾರ್ಸನ್ ಬ್ರೂಕ್ಲಿನ್ ಡಾಡ್ಜರ್ಸ್‌ನ 27 ಬ್ಯಾಟರ್‌ಗಳಲ್ಲಿ ಒಬ್ಬನೂ ಬೇಸ್ ಮುಟ್ಟದಂತೆ ಔಟ್ ಮಾಡಿದ. ವರ್ಲ್ಡ್ ಸೀರೀಸ್ ಚರಿತ್ರೆಯಲ್ಲಿ ಅಂಥ ಪರ್ಫೆಕ್ಟ್ ಗೇಮ್ ಬೇರೆ ಇಲ್ಲ. ಆ ಇಬ್ಬರ ನಡುವಿನ ದೂರವನ್ನು ಪ್ರೇಕ್ಷಕ ತನ್ನ ಕಾಲಲ್ಲೇ ನಡೆದು ಅಳೆಯುತ್ತಾನೆ. ಕ್ರಿಕೆಟ್‌ನ ಎರಡು ವಿಕೆಟ್‌ಗಳ ನಡುವೆ 66 ಅಡಿ ಎಂದು ಗೊತ್ತಿರುವ ನಮ್ಮವರಿಗೆ ಇಲ್ಲಿ ನಿಂತಾಗಲೇ ಬೇಸ್‌ಬಾಲ್ ಬ್ಯಾಟರ್‌ಗೆ ಸಿಗುವ ಸಮಯ ಎಷ್ಟು ಕಡಿಮೆ ಎಂಬುದು ಹೊಳೆಯುತ್ತದೆ, ಅದೂ ಚೆಂಡು ನೆಲಕ್ಕೆ ಬಡಿಯದೆ ಬರುವಾಗ.

ಆ ಅಂತರದ ಉದ್ದಕ್ಕೂ ಚೆಂಡಿನ ಗೋಡೆ. ಯಾಂಕೀಸ್‌ಗೆ ಆಡಿದವರು ಸಹಿ ಮಾಡಿದ ನೂರಾರು ಚೆಂಡುಗಳು ಒಂದೊಂದೂ ತನ್ನ ಜಾಗದಲ್ಲಿ. ದೊಡ್ಡ ತಾರೆಗಳ ಪಕ್ಕದಲ್ಲೇ ಬೆರಳೆಣಿಕೆಯ ಪಂದ್ಯ ಆಡಿ ಮರೆಯಾದವರ ಸಹಿಯೂ ಅದೇ ಗಾತ್ರದಲ್ಲಿ ಇರುವುದು ಈ ಗೋಡೆಯ ಸೊಗಸು. ಹೊರಗೆ ಸ್ಟೈನ್‌ಬ್ರೆನ್ನರ್ ಸ್ಮಾರಕದಲ್ಲಿ ತಪ್ಪಿದ ಅಳತೆಯ ನ್ಯಾಯ ಒಳಗೆ ಚೆಂಡಿನ ಗೋಡೆಯಲ್ಲಿ ಪಾಲನೆಯಾಗಿದೆ.

ಇಂಥ ಗೋಡೆ ಕಟ್ಟಲು ಹೊರಡುವವರು ಕೆಲವು ಲೆಕ್ಕಗಳನ್ನು ಮೊದಲೇ ಹಾಕಿಕೊಳ್ಳಬೇಕು. ಬೇಸ್‌ಬಾಲ್‌ನ ಸುತ್ತಳತೆ 9ರಿಂದ 9¼ ಅಂಗುಲ, ಅಂದರೆ ವ್ಯಾಸ ಸುಮಾರು 73ರಿಂದ 75 ಮಿಲಿಮೀಟರ್. ಚೆಂಡಿನಿಂದ ಚೆಂಡಿಗೆ 110 ಮಿಲಿಮೀಟರ್ ಕೇಂದ್ರದ ಅಂತರ ಕೊಟ್ಟರೆ ಒಂದು ಚದರ ಮೀಟರಿಗೆ ಎಂಬತ್ತರಷ್ಟು ಚೆಂಡು ಕೂರುತ್ತವೆ. ಆದರೆ ಸಹಿ ಓದಲು ಆಗಬೇಕಾದರೆ ಎಲ್ಲವೂ ಕಣ್ಣಿನ ಮಟ್ಟದಿಂದ ತೀರ ದೂರ ಹೋಗಬಾರದು. ನೆಲದಿಂದ 70 ಸೆಂಟಿಮೀಟರ್‌ನಿಂದ 2 ಮೀಟರ್‌ವರೆಗಿನ ಪಟ್ಟಿಯಲ್ಲಿ ಮಾತ್ರ ಸಹಿ ಓದಬಹುದು. ಅದರ ಮೇಲೆ ಇಟ್ಟದ್ದು ಅಲಂಕಾರವಷ್ಟೆ. ಕ್ರೀಡಾಂಗಣದಲ್ಲಿ ಜನ ಕಾಲು ಬಡಿದಾಗ ಕಟ್ಟಡವೇ ನಡುಗುತ್ತದೆ. ಬಟ್ಟಲಿನಂಥ ಹಿಡಿಕೆಯಲ್ಲಿ ಸುಮ್ಮನೆ ಕೂರಿಸಿದ ಚೆಂಡು ಒಂದು ಸೀಸನ್ ಕಳೆಯುವಷ್ಟರಲ್ಲಿ ತಿರುಗಿ, ಸಹಿ ಗೋಡೆಯ ಕಡೆ ಹೋಗಿರುತ್ತದೆ. ಮೂರು ಬಿಂದುಗಳಲ್ಲಿ ಹಿಡಿಯುವ, ತುದಿಗೆ ಮೃದು ಲೇಪ ಇರುವ ಹಿಡಿಕೆ ಬೇಕು. ಅಂಟು ಎಂದಿಗೂ ಹಾಕಬಾರದು, ತೆಗೆಯುವಾಗ ತೊಗಲಿನ ಮೇಲ್ಪದರ ಕಿತ್ತು ಬರುತ್ತದೆ.

ಹೆಚ್ಚು ಹಾನಿ ಮಾಡುವುದು ಬೆಳಕು. ಸಹಿಯ ಶಾಯಿ, ಬಟ್ಟೆ, ಕಾಗದ ಇವಕ್ಕೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಮಾನ) ಮೀರಬಾರದೆಂಬುದು ಸಂಗ್ರಹಾಲಯಗಳ ಸಾಮಾನ್ಯ ನಿಯಮ. ಹಾನಿ ಕೂಡುತ್ತಾ ಹೋಗುತ್ತದೆ, ರಾತ್ರಿ ವಿಶ್ರಾಂತಿ ಕೊಟ್ಟರೆ ಹಿಂದಕ್ಕೆ ಬರುವುದಿಲ್ಲ. ಲೆಕ್ಕ ನೋಡಿ: ಒಂದು ಸೀಸನ್‌ನಲ್ಲಿ ತವರು ಪಂದ್ಯಗಳು 81. ಪ್ರತಿ ಪಂದ್ಯಕ್ಕೆ ಐದು ಗಂಟೆ ದೀಪ ಉರಿದರೆ 405 ಗಂಟೆ, 50 ಲಕ್ಸ್‌ನಲ್ಲಿ 20,250 ಲಕ್ಸ್-ಗಂಟೆ. ಅದೇ ದೀಪ ವರ್ಷವಿಡೀ ಹಗಲೂ ರಾತ್ರಿ ಉರಿದರೆ 4,38,000. ಅಂದರೆ ಆರಿಸಲು ಮರೆತ ಒಂದು ಸ್ವಿಚ್ಚು ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಮಸುಕನ್ನು ಒಂದೇ ವರ್ಷದಲ್ಲಿ ತರುತ್ತದೆ. ಪ್ರತಿ ಕಪಾಟಿಗೂ ಜನ ಬಂದಾಗಷ್ಟೇ ಹೊತ್ತಿಕೊಳ್ಳುವ ಸೆನ್ಸರ್ ಹಾಕುವುದು ದುಬಾರಿಯಲ್ಲ. ಅದನ್ನು ಟೆಂಡರ್‌ನಲ್ಲೇ ಬರೆದಿರಬೇಕು. ಜೊತೆಗೆ ಯು.ವಿ. ತಡೆಯುವ ಗಾಜು ಅಥವಾ ಆಕ್ರಿಲಿಕ್, ತೇವಾಂಶ ಶೇಕಡ 45ರಿಂದ 55ರ ನಡುವೆ. ಜೆರ್ಸಿಗಳನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಇಳಿಸಿ ಬೇರೆಯದನ್ನು ಏರಿಸಬೇಕು. ಒಂದೇ ಜೆರ್ಸಿಯನ್ನು ಹತ್ತು ವರ್ಷ ನೇತುಹಾಕಿದರೆ ಭುಜದ ಹೊಲಿಗೆ ಭಾರಕ್ಕೆ ಜಗ್ಗುತ್ತದೆ, ಮುಂಭಾಗ ಮಸುಕಾಗಿ ಬೆನ್ನು ಮಾತ್ರ ಹೊಸದಾಗಿ ಉಳಿಯುತ್ತದೆ.

ಅದೇ ಮ್ಯೂಸಿಯಂನಲ್ಲಿರುವ ಥರ್ಮನ್ ಮನ್ಸನ್ ಲಾಕರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಂಡದ ನಾಯಕ, ಕ್ಯಾಚರ್. 1979ರ ಆಗಸ್ಟ್ 2ರಂದು ವಿಮಾನ ಅಪಘಾತದಲ್ಲಿ ತೀರಿಹೋದ. ಹಳೆಯ ಕ್ರೀಡಾಂಗಣ ಮುಚ್ಚುವವರೆಗೂ ಅವನ ಲಾಕರನ್ನು ಬೇರೆ ಯಾರಿಗೂ ಕೊಡಲಿಲ್ಲ, ಆಮೇಲೆ ಅದನ್ನೇ ಇಲ್ಲಿಗೆ ತಂದರು. ಇಂಥ ವಸ್ತುವಿನ ಪಕ್ಕದಲ್ಲಿ ಪರದೆ, ಧ್ವನಿ, ದೀರ್ಘ ವಿವರಣೆ ಬೇಡ. ಹೆಸರು, ವರ್ಷ, ಎರಡು ವಾಕ್ಯ ಸಾಕು.

ಗೇಟ್ 4 ಮತ್ತು 6ರ ನಡುವಿನ ಗ್ರೇಟ್ ಹಾಲ್ 31,000 ಚದರ ಅಡಿಯ ಎತ್ತರದ ಸಭಾಂಗಣ, ಮೇಲಿನಿಂದ ಆಟಗಾರರ ಬೃಹತ್ ಬ್ಯಾನರ್‌ಗಳು ಇಳಿಬಿದ್ದಿವೆ. ಫೋಟೊಗೆ ಚೆನ್ನ. ಚರಿತ್ರೆ ಅಲ್ಲಿ ಮುಖಗಳಿಗಷ್ಟೇ ಸೀಮಿತ. ಮೈದಾನದ ಮೇಲ್ಛಾವಣಿಯ ಅಂಚಿನಲ್ಲಿರುವ ಬಿಳಿ ಕಮಾನುಗಳ ಸಾಲು ಅದಕ್ಕಿಂತ ಎಷ್ಟೋ ಪಾಲು ಮೇಲು. 1923ರಲ್ಲಿ ತಾಮ್ರದಲ್ಲಿದ್ದದ್ದು 1970ರ ದಶಕದಲ್ಲಿ ಮಾಯವಾಗಿತ್ತು, ಹೊಸ ಕ್ರೀಡಾಂಗಣದಲ್ಲಿ ಉಕ್ಕಿನಲ್ಲಿ ಅದನ್ನು ಅದರ ಮೂಲ ಜಾಗಕ್ಕೆ ಮರಳಿಸಿದ್ದಾರೆ. ಯಾವ ಆಸನದಿಂದ ನೋಡಿದರೂ ಕಾಣುತ್ತದೆ, ಒಂದಕ್ಷರವೂ ಬರೆಯದೆ ಇದು ಯಾರ ಮನೆ ಎಂದು ಹೇಳುತ್ತದೆ.

ಸಿಟಿ ಫೀಲ್ಡ್‌ಗೆ ಬಂದರೆ ಮುಖ್ಯ ಪ್ರವೇಶದ್ವಾರವೇ ಪ್ರದರ್ಶನ: ಬೇಸ್‌ಬಾಲ್‌ನ ವರ್ಣಭೇದದ ಗೋಡೆ ಒಡೆದ ಆಟಗಾರನ ಹೆಸರಿನ ದುಂಡನೆಯ ಹಜಾರ, ಜಾಕಿ ರಾಬಿನ್ಸನ್ ರೊಟುಂಡಾ. ಹೊರಮುಖ 1913ರಲ್ಲಿ ತೆರೆದ ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಹಾಗೆ ಇಟ್ಟಿಗೆ ಮತ್ತು ಕಮಾನಿನದು. ಒಳಗೆ 160 ಅಡಿ ವ್ಯಾಸದ ವೃತ್ತಾಕಾರದ ನೆಲ. ಅದರಲ್ಲಿ ರಾಬಿನ್ಸನ್ ಬದುಕಿನ ಒಂಬತ್ತು ಮೌಲ್ಯಗಳನ್ನು ಕೊರೆದಿದ್ದಾರೆ: ಧೈರ್ಯ, ಶ್ರೇಷ್ಠತೆ, ಛಲ, ನ್ಯಾಯ, ಒಗ್ಗಟ್ಟು, ಬದ್ಧತೆ, ಪೌರತ್ವ, ದೃಢ ಸಂಕಲ್ಪ, ಪ್ರಾಮಾಣಿಕತೆ. ಮೇಲಿನ ಸುತ್ತಿನಲ್ಲಿ ಅವರದೇ ಮಾತು, ಬೇರೆಯವರ ಬದುಕಿನ ಮೇಲೆ ಬೀರುವ ಪರಿಣಾಮವಿಲ್ಲದೆ ಒಂದು ಬದುಕಿಗೆ ಬೆಲೆಯಿಲ್ಲ ಎಂಬ ಅರ್ಥದ್ದು. ನಡುವೆ ಅವರ ಜೆರ್ಸಿ ಸಂಖ್ಯೆ, ಎಂಟು ಅಡಿ ಎತ್ತರದ ನೀಲಿ 42.

ಜಾಗದ ಆಯ್ಕೆ ಅಂದರೆ ಇದು. ಸಬ್‌ವೇ ಇಳಿದು ಬರುವ ಸಾವಿರಾರು ಜನ ಹುಡುಕದೆಯೇ ಇದರ ನಡುವೆ ಹಾದು ಹೋಗುತ್ತಾರೆ. ಇಲ್ಲಿ ಮುಚ್ಚುವ ಸಮಯವಿಲ್ಲ, ಬೇರೆ ಸಾಲಿಲ್ಲ. 42ರ ಆಕೃತಿ ಜನರ ಎತ್ತರಕ್ಕಿಂತ ಸ್ವಲ್ಪವೇ ದೊಡ್ಡದು, ಒಂದು ಕುಟುಂಬ ಪಕ್ಕದಲ್ಲಿ ನಿಂತರೆ ಒಂದೇ ಚೌಕಟ್ಟಿನಲ್ಲಿ ಎಲ್ಲರೂ ಹಿಡಿಸುತ್ತಾರೆ. ಇಪ್ಪತ್ತು ಅಡಿಯ ಪ್ರತಿಮೆಯಾಗಿದ್ದರೆ ಫೋಟೊದಲ್ಲಿ ಬರೀ ಪೀಠ ಬರುತ್ತಿತ್ತು. ಕೊರತೆ ಏನೆಂದರೆ, ನೆಲದ ಮೇಲಿನ ಬರಹ ಜನ ತುಂಬಿದಾಗ ಯಾರಿಗೂ ಕಾಣುವುದಿಲ್ಲ. ಗೇಟ್ ತೆರೆದ ಮೊದಲ ನಿಮಿಷಗಳಲ್ಲಿ ಅಥವಾ ಮೇಲಿನ ಹಂತಕ್ಕೆ ಏರಿ ಕೆಳಗೆ ನೋಡಿದಾಗ ಮಾತ್ರ ಓದಬಹುದು. ನೆಲದಲ್ಲಿ ಕೊರೆಯುವ ಪದಗಳನ್ನು ಕಮಾನಿನ ಮೇಲೂ ಒಮ್ಮೆ ಬರೆಯಬೇಕು, ಇಲ್ಲಿ ಹಾಗೆ ಮಾಡಿರುವುದರಿಂದ ನಷ್ಟ ಕಡಿಮೆಯಾಗಿದೆ.

ಆದರೆ 2009ರಲ್ಲಿ ಮೆಟ್ಸ್ ಅಭಿಮಾನಿಗಳು ಸಿಟ್ಟಾದರು, ಅದಕ್ಕೆ ಕಾರಣವಿತ್ತು. ರಾಬಿನ್ಸನ್ ಮೆಟ್ಸ್‌ಗೆ ಒಂದು ಪಂದ್ಯವನ್ನೂ ಆಡಿದವರಲ್ಲ. 1947ರ ಏಪ್ರಿಲ್ 15ರಂದು ವರ್ಣಭೇದದ ಗೋಡೆ ಒಡೆದು ಅವರು ಕಣಕ್ಕಿಳಿದದ್ದು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ. ಡಾಡ್ಜರ್ಸ್ 1957ರ ಸೀಸನ್ ಮುಗಿಸಿ ಲಾಸ್ ಏಂಜಲಿಸ್‌ಗೆ ಹೋದರು. ಮೆಟ್ಸ್ ಹುಟ್ಟಿದ್ದು 1962ರಲ್ಲಿ. 1997ರಲ್ಲಿ ಇಡೀ ಲೀಗ್‌ಗೇ 42ನ್ನು ನಿವೃತ್ತಿಗೊಳಿಸಿದ ಸಮಾರಂಭ ನಡೆದದ್ದು ಮೆಟ್ಸ್‌ನ ಹಳೆಯ ಶೇ ಸ್ಟೇಡಿಯಂನಲ್ಲೇ, ಆ ನಂಟು ಗಟ್ಟಿಯಾದದ್ದು. ತಪ್ಪಾದದ್ದು ರಾಬಿನ್ಸನ್‌ಗೆ ಗೌರವ ಕೊಟ್ಟದ್ದರಲ್ಲಿ ಅಲ್ಲ. ಮೆಟ್ಸ್‌ನ ಶ್ರೇಷ್ಠ ಪಿಚರ್ ಟಾಮ್ ಸೀವರ್, 1969ರ ಅಚ್ಚರಿಯ ಗೆಲುವು, 1986ರ ತಂಡ ಇವುಗಳಿಗೆ ಪಕ್ಕದಲ್ಲಿ ಜಾಗವೇ ಇರದದ್ದರಲ್ಲಿ. ತಮ್ಮ ತಂಡದ ಮನೆಗೆ ಬಂದವರು ಅಲ್ಲಿ ಬೇರೆ ತಂಡದ ಚರಿತ್ರೆಯನ್ನಷ್ಟೇ ಕಂಡರು.

ತಿದ್ದುಪಡಿ ಬೇಗ ಬಂತು. 2010ರ ಸೀಸನ್ ಶುರುವಾಗುವ ಹೊತ್ತಿಗೆ ರೊಟುಂಡಾ ಪಕ್ಕದಲ್ಲೇ ಮೆಟ್ಸ್ ಹಾಲ್ ಆಫ್ ಫೇಮ್ ಮತ್ತು ಮ್ಯೂಸಿಯಂ ತೆರೆದರು. 1969 ಮತ್ತು 1986ರ ವರ್ಲ್ಡ್ ಸೀರೀಸ್ ಟ್ರೋಫಿಗಳು ಅಲ್ಲಿವೆ. ಶೇ ಸ್ಟೇಡಿಯಂನಲ್ಲಿ 1980ರಿಂದ ಪ್ರತಿ ಹೋಮ್ ರನ್‌ಗೂ (ಬೇಲಿ ದಾಟುವ ಹೊಡೆತಕ್ಕೂ) ದೊಡ್ಡ ಟೋಪಿಯಿಂದ ಮೇಲೇಳುತ್ತಿದ್ದ ಹಳೆಯ ಕೃತಕ ಸೇಬನ್ನು ಮೂಲೆಯಿಂದ ತೆಗೆದು ಮುಂಬಾಗಿಲ ಅಂಗಳದಲ್ಲಿ ಇಟ್ಟರು. ಸಬ್‌ವೇ ಮೆಟ್ಟಿಲಿಳಿದವರಿಗೆ ಈಗ ಮೊದಲು ಕಾಣುವುದು ಅದೇ, ಗೆಳೆಯರು "ಸೇಬಿನ ಹತ್ತಿರ ಸಿಗೋಣ" ಎಂದು ಹೇಳಿಕೊಳ್ಳುವ ಗುರುತು ಅದು. ಒಂದು ಹಳೆಯ ವಸ್ತುವನ್ನು ಕೆಲವು ನೂರು ಅಡಿ ಸರಿಸಿದ್ದಕ್ಕೆ ಸಿಕ್ಕ ಫಲ ಹೊಸ ಕಟ್ಟಡಕ್ಕೂ ಸಿಗುವುದಿಲ್ಲ.

ಸೀವರ್ ಪ್ರತಿಮೆಯ ವಿಷಯದಲ್ಲಿ ಮಾತ್ರ ಕ್ಷಮೆ ಇಲ್ಲ. ವಿಲಿಯಂ ಬೆಹ್ರೆಂಡ್ಸ್ ಮಾಡಿದ ಆ ಪ್ರತಿಮೆ ಅದ್ಭುತವಾಗಿದೆ, ಬಲ ಮೊಣಕಾಲು ಮಣ್ಣಿಗೆ ತಾಗುವಂತೆ ಬಾಗಿ ಎಸೆಯುವ ಸೀವರ್ ಶೈಲಿ ದೂರದಿಂದಲೇ ಗುರುತು ಸಿಗುತ್ತದೆ. ಅದು ಅನಾವರಣವಾದದ್ದು 2022ರ ಏಪ್ರಿಲ್‌ನಲ್ಲಿ, ಸೀವರ್ ತೀರಿಕೊಂಡದ್ದು 2020ರ ಆಗಸ್ಟ್‌ನಲ್ಲಿ. ಕಂಚಿನ ಪ್ರತಿಮೆಗೆ ಮಣ್ಣಿನ ಮಾದರಿ, ಒಪ್ಪಿಗೆ, ಅಚ್ಚು, ಎರಕ, ಬೆಸುಗೆ, ಪಟಿನಾ (ಮೇಲ್ಮೈಗೆ ಕೊಡುವ ಬಣ್ಣದ ಪದರ), ಪಾಯ ಎಲ್ಲ ಸೇರಿ ಒಂದೂವರೆ ಎರಡು ವರ್ಷ ಹಿಡಿಯುತ್ತದೆ. ಆಟಗಾರನ ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಕೆಲಸ ಶುರುಮಾಡಬೇಕು.

ಬೆಳವಣಿಗೆಗೆ ಜಾಗ ಬಿಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಮೆಟ್ಸ್ ಉದಾಹರಣೆ. 2015ರವರೆಗೆ, 42ನ್ನು ಬಿಟ್ಟರೆ, ಅವರು ನಿವೃತ್ತಿಗೊಳಿಸಿದ್ದು ಮೂರೇ ಸಂಖ್ಯೆ: 37, 14, 41. 2016ರಿಂದ 2025ರೊಳಗೆ 31, 36, 17, 24, 16, 18, 5 ಎಂದು ಏಳು ಸೇರಿದವು. ಮೂರಕ್ಕೆಂದು ಅಳೆದು ಮಾಡಿದ ಗೋಡೆ ಹತ್ತಕ್ಕೆ ಸಾಲುವುದಿಲ್ಲ. ನಡುವೆ ತುರುಕಿದರೆ ಅಂತರ ಕೆಡುತ್ತದೆ. ಶುರುವಿನಲ್ಲೇ ಇರುವಷ್ಟೇ ಜಾಗವನ್ನು ಖಾಲಿ ಬಿಡಬೇಕು, ವಿದ್ಯುತ್ ತಂತಿಯನ್ನೂ ಅಲ್ಲಿವರೆಗೆ ಎಳೆದಿರಬೇಕು.

ಪಿಯಾಜಾ ಜೆರ್ಸಿಯ ಪ್ರಸಂಗ ಇನ್ನೂ ಗಂಭೀರ. 2001ರ ಸೆಪ್ಟೆಂಬರ್ 21ರಂದು, 9/11 ಭಯೋತ್ಪಾದಕ ದಾಳಿಯ ನಂತರ ನ್ಯೂಯಾರ್ಕಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಹೋಮ್ ರನ್ ಹೊಡೆದಾಗ ಮೈಕ್ ಪಿಯಾಜಾ ತೊಟ್ಟಿದ್ದ ಜೆರ್ಸಿ ತಂಡದ ಕೈಬಿಟ್ಟು ಮಾರಾಟವಾಗಿತ್ತು. 2016ರಲ್ಲಿ ಅದು ಹರಾಜಿಗೆ ಬಂದಾಗ ಅಭಿಮಾನಿಗಳು ಸಿಡಿದೆದ್ದರು, ತಂಡ ಕ್ಷಮೆ ಕೇಳಿತು. ಕೊನೆಗೆ ಕೆಲವರು ಸೇರಿ 3,65,000 ಡಾಲರಿಗೆ ಕೊಂಡು, ಸಿಟಿ ಫೀಲ್ಡ್, 9/11 ಸ್ಮಾರಕ ಮ್ಯೂಸಿಯಂ ಮತ್ತು ಕೂಪರ್ಸ್‌ಟೌನ್‌ನಲ್ಲಿರುವ ಬೇಸ್‌ಬಾಲ್ ಹಾಲ್ ಆಫ್ ಫೇಮ್ ನಡುವೆ ಸರದಿಯ ಮೇಲೆ ಪ್ರದರ್ಶನಕ್ಕೆ ಬಿಟ್ಟರು. ಪ್ರದರ್ಶನ ವಿನ್ಯಾಸಕರು ಕಪಾಟಿನ ಚಿತ್ರ ಬರೆಯುವ ಮೊದಲು ಕೇಳಬೇಕಾದದ್ದು ವಸ್ತುಗಳ ದಾಖಲೆ ಪುಸ್ತಕವನ್ನು. ಯಾವುದು ತಂಡದ್ದು, ಯಾವುದು ಎರವಲು, ಎಂದು ಮರಳಿಸಬೇಕು, ವಿಮೆ ಯಾರದು? ಮಹತ್ವದ ಪಂದ್ಯ ಮುಗಿದ ರಾತ್ರಿಯೇ ಬಟ್ಟೆ ಒಗೆಯಲು ಹೋಗುವ ಮೊದಲು ಅದನ್ನು ಪಡೆದು, ಚೀಟಿ ಕಟ್ಟಿ, ಫೋಟೊ ತೆಗೆದಿಡುವ ಒಬ್ಬ ವ್ಯಕ್ತಿ ತಂಡದಲ್ಲಿ ಇರಬೇಕು.

ಅಕ್ಷರ ತಪ್ಪು ಚಿಕ್ಕ ವಿಷಯವಲ್ಲ. 2008ರಲ್ಲಿ ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಅರ್ನೀ ಬ್ಯಾಂಕ್ಸ್ ಪ್ರತಿಮೆ ಅನಾವರಣವಾದಾಗ ಪೀಠದ ಮೇಲೆ ಕೊರೆದ "ಲೆಟ್ಸ್ ಪ್ಲೇ ಟೂ" ಎಂಬ ಅವನ ಪ್ರಸಿದ್ಧ ಮಾತಿನಲ್ಲಿ ಅಪಾಸ್ಟ್ರಫಿ ಬಿಟ್ಟುಹೋಗಿತ್ತು. ಶಿಲ್ಪಿ ಬಂದು ಮತ್ತೆ ಕೊರೆಯಬೇಕಾಯಿತು. ಕೂಪರ್ಸ್‌ಟೌನ್‌ನಲ್ಲಿ ಆಟಗಾರ ರಾಬರ್ಟೊ ಕ್ಲೆಮೆಂಟೆ ಫಲಕದ ಮೇಲೆ ಹೆಸರಿನ ಕ್ರಮವೇ ತಪ್ಪಾಗಿದ್ದು, 2000ದಲ್ಲಿ ಹೊಸದಾಗಿ ಎರಕ ಹೊಯ್ದರು. ಕಲ್ಲು, ಕಂಚಿಗೆ ಹೋಗುವ ಪ್ರತಿ ಸಾಲನ್ನೂ ಪೂರ್ಣ ಅಳತೆಯ ಕಾಗದದಲ್ಲಿ ಮುದ್ರಿಸಿ, ಗೋಡೆಗೆ ಅಂಟಿಸಿ, ಮೂವರು ಬೇರೆಬೇರೆಯಾಗಿ ಓದಿ ಸಹಿ ಹಾಕಬೇಕು. ಅವರಲ್ಲಿ ಒಬ್ಬರು ಆಟಗಾರನ ಮನೆಯವರಾಗಿರಲಿ.

ಆಸನಗಳ ಹಿಂದಿನ ಓಡಾಟದ ಪಡಸಾಲೆಯಲ್ಲಿ ಫಲಕ ಹಾಕುವವರಿಗೆ ಇನ್ನೆರಡು ಎಚ್ಚರಿಕೆ. ಅಲ್ಲಿ ಹೊರಗಿನ ಗಾಳಿ, ಚಳಿ, ಬಿಸಿಲು ಎಲ್ಲ ಬರುತ್ತದೆ. ಎರಡು ಮೀಟರ್ ಉದ್ದದ ಆಕ್ರಿಲಿಕ್ ಹಲಗೆ 50 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು 7 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ, ಅಲ್ಯುಮಿನಿಯಂ 2.3 ಮಿಲಿಮೀಟರ್ ಮಾತ್ರ. ಎರಡನ್ನೂ ಬಿಗಿಯಾಗಿ ಒಂದಕ್ಕೊಂದು ತಿರುಪಿದರೆ ಬೇಸಿಗೆಯಲ್ಲಿ ಹಲಗೆ ಉಬ್ಬುತ್ತದೆ, ಚಳಿಗಾಲದಲ್ಲಿ ತೂತಿನ ಸುತ್ತ ಸೀಳುತ್ತದೆ. ನಡುವೆ ಒಂದೇ ಕಡೆ ಬಿಗಿ ಮಾಡಿ, ಉಳಿದ ತೂತುಗಳನ್ನು ಉದ್ದನೆಯ ಸೀಳಾಗಿ ಕೊರೆಯಬೇಕು. ಇನ್ನೊಂದು ಅಮೆರಿಕದ ಅಂಗವಿಕಲರ ಕಾನೂನಿನ ನಿಯಮ: ನೆಲದಿಂದ 27ರಿಂದ 80 ಅಂಗುಲದ ನಡುವೆ ಗೋಡೆಯಿಂದ ಏನೂ 4 ಅಂಗುಲಕ್ಕಿಂತ ಹೆಚ್ಚು ಚಾಚಬಾರದು, ಕೋಲು ಹಿಡಿದು ನಡೆಯುವ ಅಂಧರಿಗೆ ಅದು ಗೊತ್ತಾಗುವುದಿಲ್ಲ. ಆಳದ ಕಪಾಟು ಬೇಕಿದ್ದರೆ ಗೋಡೆಯೊಳಗೆ ಹುದುಗಿಸಬೇಕು ಅಥವಾ ನೆಲದವರೆಗೆ ಇಳಿಸಬೇಕು. ಅಕ್ಷರದ ಗಾತ್ರಕ್ಕೆ ಪ್ರತಿ 3 ಮೀಟರ್ ದೂರಕ್ಕೆ 25 ಮಿಲಿಮೀಟರ್ ಎತ್ತರ ಎಂಬ ಲೆಕ್ಕ ಸಾಕು.

ಹಣವೇ ಇಲ್ಲದ ತಂಡ ಏನು ಮಾಡಬಹುದು? ಬಾಸ್ಟನ್‌ನ ಫೆನ್ವೇ ಪಾರ್ಕ್‌ನ ಬಲ ಮೈದಾನದ ಹಸಿರು ಆಸನಗಳ ನಡುವೆ ಒಂದೇ ಒಂದು ಕೆಂಪು ಆಸನವಿದೆ: ವಿಭಾಗ 42, ಸಾಲು 37, ಆಸನ 21. 1946ರ ಜೂನ್ 9ರಂದು ಟೆಡ್ ವಿಲಿಯಮ್ಸ್ ಹೊಡೆದ 502 ಅಡಿಯ ಹೋಮ್ ರನ್ ಬಿದ್ದದ್ದು ಅಲ್ಲಿ. ಇಡೀ ಕ್ರೀಡಾಂಗಣದಿಂದ ಕಾಣುತ್ತದೆ, ದೂರವನ್ನು ಕಣ್ಣೇ ಅಳೆಯುತ್ತದೆ. ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್‌ನಲ್ಲಿ ಯೂಟಾ ಬೀದಿಗೆ ಚೆಂಡು ಬಿದ್ದ ಜಾಗಗಳಲ್ಲೆಲ್ಲ ಚೆಂಡಿನಾಕಾರದ ಪುಟ್ಟ ಕಂಚಿನ ಗುರುತುಗಳನ್ನು ನೆಲಕ್ಕೆ ಕೂರಿಸಿದ್ದಾರೆ. ಸಿಟಿ ಫೀಲ್ಡ್‌ನಲ್ಲೂ ಈ ಜಾತಿಯ ಒಂದು ರತ್ನವಿದೆ, ಹೆಚ್ಚಿನವರು ಗಮನಿಸುವುದಿಲ್ಲ: ವಾಹನ ನಿಲುಗಡೆಯ ಟಾರಿನಲ್ಲಿ ಶೇ ಸ್ಟೇಡಿಯಂನ ಹೋಮ್ ಪ್ಲೇಟ್, ಮೂರು ಬೇಸ್‌ಗಳು, ಪಿಚರ್ ನಿಲ್ಲುತ್ತಿದ್ದ ಜಾಗ ಇವನ್ನು ಅವು ಇದ್ದಲ್ಲೇ ಗುರುತು ಮಾಡಿದ್ದಾರೆ. ಮ್ಯಾಚ್ ದಿನ ಕಾರುಗಳು ಅವುಗಳ ಮೇಲೆಯೇ ನಿಂತಿರುತ್ತವೆ. ಆ ನಾಲ್ಕಾರು ಕಾರಿನ ಜಾಗವನ್ನು ತಂಡ ಬಿಟ್ಟುಕೊಡಬೇಕು.

ಹೋಗುವವರಿಗೆ: ಯಾಂಕೀ ಸ್ಟೇಡಿಯಂಗೆ 4ನೇ ಸಬ್‌ವೇಯಲ್ಲಿ 161ನೇ ಬೀದಿ ನಿಲ್ದಾಣ. ಗೇಟ್ ತೆರೆಯುವ ಮುಂಚೆಯೇ ಸಾಲಿನಲ್ಲಿದ್ದು, ತೆರೆದ ಕೂಡಲೇ ನೇರ ಮಾನ್ಯುಮೆಂಟ್ ಪಾರ್ಕ್‌ಗೆ ನಡೆಯಿರಿ. ಮ್ಯೂಸಿಯಂ ಅನ್ನು ನಾಲ್ಕನೆಯ ಐದನೆಯ ಇನಿಂಗ್ಸ್‌ಗೆ ಇಟ್ಟುಕೊಳ್ಳಿ, ಆಗ ಖಾಲಿ ಇರುತ್ತದೆ. ಫಲಕಗಳನ್ನು ನಿಧಾನವಾಗಿ ಓದಲೇಬೇಕೆಂದರೆ ಪಂದ್ಯವಿಲ್ಲದ ದಿನದ ಪ್ರವಾಸದ ಟಿಕೆಟ್ ಕೊಳ್ಳುವುದು ಮೇಲು, ಅದರಲ್ಲಿ ಎರಡೂ ಸೇರಿವೆ. ಸಿಟಿ ಫೀಲ್ಡ್‌ಗೆ 7ನೇ ಸಬ್‌ವೇಯಲ್ಲಿ ಮೆಟ್ಸ್-ವಿಲೆಟ್ಸ್ ಪಾಯಿಂಟ್. ಮೊದಲು ನಿಲುಗಡೆಯ ಕಡೆ ಹೋಗಿ ಶೇ ಹೋಮ್ ಪ್ಲೇಟ್ ನೋಡಿ, ಸೇಬು ಮತ್ತು ಸೀವರ್ ದಾಟಿ ರೊಟುಂಡಾ ಪ್ರವೇಶಿಸಿ, ಎಸ್ಕಲೇಟರ್ ಹತ್ತಿ ಮೇಲಿನಿಂದ ಒಂಬತ್ತು ಪದ ಓದಿ, ಆಮೇಲೆ ಮ್ಯೂಸಿಯಂಗೆ ಇಳಿಯಿರಿ. ಒಂದೇ ದಿನ ಇದ್ದು ಒಂದೇ ಕಡೆ ಹೋಗಬೇಕೆಂದರೆ ಬೇಸ್‌ಬಾಲ್ ಹೊಸತಾದವರು ಸಿಟಿ ಫೀಲ್ಡ್‌ಗೆ ಹೋಗಲಿ. ಆಟ ಬಲ್ಲವರು ಲಾರ್ಸನ್ ಮತ್ತು ಬೆರಾ ನಡುವಿನ ಅರವತ್ತೂವರೆ ಅಡಿಗಾಗಿಯಾದರೂ ಬ್ರಾಂಕ್ಸ್‌ಗೆ ಹೋಗಲಿ; 1956ರ ಆ ಪಂದ್ಯದಲ್ಲಿ ಲಾರ್ಸನ್ ಔಟ್ ಮಾಡಿದ ಡಾಡ್ಜರ್ಸ್ ಬ್ಯಾಟರ್‌ಗಳಲ್ಲಿ ಜಾಕಿ ರಾಬಿನ್ಸನ್ ಕೂಡ ಇದ್ದರು.